ಟೊಮೆಟೊ ಬ್ರುಸ್ಕೆಟ್ಟಾ: ಬ್ರೆಡ್ ಮೆತ್ತಗಾಗದಂತೆ ಮಾಡುವ ಬಗೆ

ಸುಟ್ಟ ಬ್ರೆಡ್ಡಿನ ಮೇಲೆ ಟೊಮೆಟೊ ಹಾಕಿ ತಿನ್ನುವ ಇಟಲಿಯ ಈ ತಿಂಡಿಯನ್ನು ‘ಬ್ರುಶೆಟ್ಟಾ’ ಎಂದು ಕರೆಯುವವರೇ ಹೆಚ್ಚು, ಆದರೆ ಇಟಲಿಯ ಉಚ್ಚಾರ ಬ್ರುಸ್ಕೆಟ್ಟಾ. ರೋಮ್ ಸೀಮೆಯ ಆಡುಮಾತಿನಲ್ಲಿ ‘ಬ್ರುಸ್ಕಾರೆ’ ಎಂದರೆ ಕೆಂಡದಲ್ಲಿ ಸುಡುವುದು. ಹೆಸರಿನಲ್ಲಿ ಟೊಮೆಟೊದ ಸುಳಿವೇ ಇಲ್ಲ. ಟಸ್ಕನಿಯಲ್ಲಿ ಚಳಿಗಾಲಕ್ಕೆ ಮುಂಚೆ ಗಾಣದಿಂದ ಹೊಸ ಆಲಿವ್ ಎಣ್ಣೆ ಬಂದಾಗ, ಸುಟ್ಟ ಬ್ರೆಡ್ಡಿಗೆ ಬೆಳ್ಳುಳ್ಳಿ ಉಜ್ಜಿ ಎಣ್ಣೆ ಸುರಿದು ತಿನ್ನುತ್ತಾರೆ. ಅಲ್ಲಿ ಅದಕ್ಕೆ ‘ಫೆತ್ತುಂತಾ’ ಎನ್ನುತ್ತಾರೆ, ಅಂದರೆ ಎಣ್ಣೆ ಹಚ್ಚಿದ ಹೋಳು. ಬೇಸಿಗೆಯಲ್ಲಿ ತೋಟದ ಟೊಮೆಟೊ ಹಣ್ಣಾದಾಗ ಅಂಥದ್ದೇ ಹೋಳಿನ ಮೇಲೆ ಟೊಮೆಟೊ ಬಂದು ಕೂರುತ್ತದೆ. ಹಾಗಾಗಿ ಇಲ್ಲಿ ಬ್ರೆಡ್ ಕೆಟ್ಟರೆ ಎಂಥ ಒಳ್ಳೆಯ ಹಣ್ಣಿದ್ದರೂ ಪ್ರಯೋಜನವಿಲ್ಲ.

ನಾಲ್ಕು ಜನಕ್ಕೆ ಒಂದೂವರೆ ಸೆಂಟಿಮೀಟರ್ ದಪ್ಪದ 8 ಹೋಳು ಬ್ರೆಡ್, 500 ಗ್ರಾಂ ಟೊಮೆಟೊ, ಮುಕ್ಕಾಲು ಟೀ ಚಮಚ ಉಪ್ಪು, ಬೆಳ್ಳುಳ್ಳಿಯ ಎರಡು ದಪ್ಪ ಎಸಳು, 4 ದೊಡ್ಡ ಚಮಚ ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ ಮತ್ತು 10–12 ಬೇಸಿಲ್ ಎಲೆ ಸಾಕು.

ಬ್ರೆಡ್ ಗಟ್ಟಿ ಹೊರಪದರದ್ದಾಗಿರಲಿ, ಒಳಗೆ ಸಣ್ಣದೊಡ್ಡ ತೂತುಗಳಿರಲಿ. ಸೋರ್‌ಡೋ (ಹುಳಿ ಬರಿಸಿದ ಹಿಟ್ಟಿನ ಬ್ರೆಡ್) ಚೆನ್ನಾಗಿ ಒದಗುತ್ತದೆ, ಅದರಲ್ಲೂ ಹಿಂದಿನ ದಿನದ್ದಾದರೆ ತೇವ ಕಡಿಮೆಯಿದ್ದು ಬೇಗ ಗರಿಗರಿಯಾಗುತ್ತದೆ. ಸ್ಯಾಂಡ್‌ವಿಚ್ ಬ್ರೆಡ್ ಬೇಡ. ಅದರಲ್ಲಿ ಹೆಚ್ಚಾಗಿ ಸಕ್ಕರೆ ಇರುವುದರಿಂದ ಒಳಗೆ ಒಣಗುವ ಮೊದಲೇ ಮೇಲ್ಭಾಗ ಕೆಂಪಾಗಿಬಿಡುತ್ತದೆ. ಟೊಮೆಟೊ ಹಾಕಿದ ಎರಡೇ ನಿಮಿಷಕ್ಕೆ ಹೋಳು ಜೋತುಬೀಳುತ್ತದೆ.

ಟೊಮೆಟೊ ಪೂರ್ತಿ ಹಣ್ಣಾಗಿರಬೇಕು, ತೊಟ್ಟಿನ ಹತ್ತಿರ ಮೂಸಿದರೆ ಘಮ ಬರಬೇಕು. ಫ್ರಿಜ್ಜಿನಲ್ಲಿಟ್ಟ ಹಣ್ಣನ್ನು ಬಳಸಬೇಡಿ. 12 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿನ ಜಾಗದಲ್ಲಿ ದಿನಗಟ್ಟಲೆ ಇದ್ದರೆ ಪರಿಮಳ ಕುಂದುತ್ತದೆ, ಹೊರಗಿಟ್ಟರೂ ಪೂರ್ತಿ ಮರಳುವುದಿಲ್ಲ. ಸಾನ್ ಮಾರ್ಜಾನೊ ತಳಿ ಹೆಸರುವಾಸಿಯಾದರೂ ಅದು ಬೇಯಿಸುವ ಸಾಸಿನ ಹಣ್ಣು. ಇಲ್ಲಿಗೆ ಸಿಸಿಲಿಯ ಪಕೀನೊದಂಥ ಸಿಹಿಯಾದ ಚೆರಿ ಟೊಮೆಟೊ ಅಥವಾ ತಿರುಳು ತುಂಬಿದ ‘ಕ್ವೋರೆ ದಿ ಬೂಯೆ’ ಒಪ್ಪುತ್ತದೆ. ನಮ್ಮ ನಾಟಿ ಟೊಮೆಟೊದಲ್ಲಿ ರಸವೂ ಹುಳಿಯೂ ಜಾಸ್ತಿ. ಸಾರಿಗೆ ಅದು ಚೆನ್ನ, ಇದಕ್ಕೆ ಅದೊಂದೇ ಆದರೆ ಹುಳಿ ಮುಂದಾಗುತ್ತದೆ. ಅರ್ಧ ನಾಟಿ, ಅರ್ಧ ಚೆರಿ ಬೆರೆಸಿದರೆ ಹದ ಸಿಗುತ್ತದೆ.

ಹಣ್ಣನ್ನು ಗರಗಸದ ಹಲ್ಲಿನ ಚಾಕುವಿನಿಂದ ಒಂದು ಸೆಂಟಿಮೀಟರ್ ಚೂರುಗಳಾಗಿ ಹೆಚ್ಚಿ. ಮೊಂಡು ಚಾಕುವಾದರೆ ಹಣ್ಣು ಜಜ್ಜಿಹೋಗುತ್ತದೆ. ಸಿಪ್ಪೆ ಇರಲಿ. ಬೀಜದ ಸುತ್ತಲಿನ ಲೋಳೆಯನ್ನು ಕೆರೆದು ಎಸೆಯಿರಿ ಎಂದು ಹಲವರು ಹೇಳುತ್ತಾರೆ, ಆದರೆ ನಾಲಿಗೆ ತುಂಬುವ ರುಚಿಗೆ ಕಾರಣವಾದ ಗ್ಲುಟಮೇಟ್ ಅಂಶ ತಿರುಳಿಗಿಂತ ಆ ಲೋಳೆಯಲ್ಲೇ ಹೆಚ್ಚು. ಎಸೆಯುವ ಬದಲು ಚೂರುಗಳಿಗೆ ಉಪ್ಪು ಬೆರೆಸಿ, ಜಾಲರಿಗೆ ಹಾಕಿ, ಕೆಳಗೊಂದು ಬಟ್ಟಲಿಟ್ಟು 15–20 ನಿಮಿಷ ಬಿಡಿ. ಉಪ್ಪು ಹಣ್ಣಿನೊಳಗಿನ ನೀರನ್ನು ಎಳೆದು ಹೊರಹಾಕುತ್ತದೆ. ಈ ಕೆಲಸ ಇಲ್ಲೇ ಆಗದಿದ್ದರೆ ಬ್ರೆಡ್ಡಿನ ಮೇಲೆ ಆಗುತ್ತದೆ. ಬಹುತೇಕ ಬ್ರುಸ್ಕೆಟ್ಟಾ ಮೆತ್ತಗಾಗುವುದು ಇದೊಂದೇ ಕಾರಣಕ್ಕೆ. ಬಟ್ಟಲಿಗಿಳಿದ ರಸ ಚೆಲ್ಲಬೇಡಿ: ಅದರ ಎರಡು ದೊಡ್ಡ ಚಮಚವನ್ನು ಎರಡು ದೊಡ್ಡ ಚಮಚ ಎಣ್ಣೆಯೊಂದಿಗೆ ಚೆನ್ನಾಗಿ ಕಡೆದು, ಬಡಿಸುವ ಮುನ್ನ ಚೂರುಗಳಿಗೆ ಬೆರೆಸಿ. ಉಳಿದದ್ದು ಸಾರಿಗಾಗುತ್ತದೆ.

ಬ್ರೆಡ್ಡನ್ನು ಎಣ್ಣೆ ಹಚ್ಚದೆ ಸುಡಬೇಕು. ಮೊದಲೇ ಎಣ್ಣೆ ಸವರಿದರೆ ಅದರ ಹಸಿ ಘಮ ಬಿಸಿಗೆ ಹೋಗುತ್ತದೆ, ಹೋಳಿನ ಮೈ ಜಾರಿ ಬೆಳ್ಳುಳ್ಳಿಯೂ ಹತ್ತುವುದಿಲ್ಲ. ಕೆಂಡವಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲದಿದ್ದರೆ ಕಬ್ಬಿಣದ ದೋಸೆ ಕಾವಲಿಯನ್ನು ಮಧ್ಯಮ ಉರಿಯಲ್ಲಿ ಚೆನ್ನಾಗಿ ಕಾಯಿಸಿ, ಒಂದೊಂದು ಮಗ್ಗುಲಿಗೆ ಎರಡರಿಂದ ಮೂರು ನಿಮಿಷ ಕೊಡಿ. ಅಂಚಿನಲ್ಲಿ ಅಲ್ಲಲ್ಲಿ ಕಪ್ಪಾದರೆ ಚಿಂತೆಯಿಲ್ಲ, ಇಡೀ ಮೈ ಕರಕಲಾದರೆ ಕಹಿ.

ಕಾವಲಿಯಿಂದ ತೆಗೆದ ಕೂಡಲೇ, ಅಡ್ಡ ಸೀಳಿದ ಬೆಳ್ಳುಳ್ಳಿಯ ಕೊಯ್ದ ಮುಖದಿಂದ ಒಂದು ಮಗ್ಗುಲಿಗೆ ಎರಡು ಸಲ ಎಳೆಯಿರಿ. ಒರಟು ಮೈ ತುರಿಮಣೆಯಂತೆ ಬೆಳ್ಳುಳ್ಳಿಯನ್ನು ತೇಯುತ್ತದೆ. ಎರಡು ಎಳೆತ ಸಾಕು. ಹಸಿ ಬೆಳ್ಳುಳ್ಳಿಯನ್ನು ಜಜ್ಜಿ ಟೊಮೆಟೊಗೆ ಬೆರೆಸುವವರಿದ್ದಾರೆ. ಹೊತ್ತು ಕಳೆದಷ್ಟೂ ಅದರ ಘಾಟೇ ಮಿಕ್ಕೆಲ್ಲವನ್ನೂ ಮುಚ್ಚುತ್ತದೆ.

ಆಮೇಲೆ ಉಳಿದ ಎಣ್ಣೆಯನ್ನು ಅದೇ ಮಗ್ಗುಲಿಗೆ ಹನಿಸಿ. ಇದು ರುಚಿಗೂ ಹೌದು, ಟೊಮೆಟೊ ರಸ ತಕ್ಷಣ ಒಳಗಿಳಿಯದಂತೆ ತಡೆಯಲಿಕ್ಕೂ ಹೌದು. ಅದರ ಮೇಲೆ ಟೊಮೆಟೊ, ಕೊನೆಗೆ ಕೈಯಲ್ಲಿ ಹರಿದ ಬೇಸಿಲ್. ಚಾಕುವಿನಿಂದ ಸಣ್ಣಗೆ ಹೆಚ್ಚಿದರೆ ಎಲೆ ಬೇಗ ಕಪ್ಪಾಗುತ್ತದೆ. ಬೇಸಿಲ್ ಸಿಗದಿದ್ದರೆ ಮನೆಯಂಗಳದ ತುಳಸಿ ಅದರ ಬದಲಿಯಲ್ಲ, ಲವಂಗದಂಥ ಖಾರದ ಘಮ ಇಲ್ಲಿ ಹೊಂದುವುದಿಲ್ಲ. ಕಾಮಕಸ್ತೂರಿ ಬೇಸಿಲ್‌ನದೇ ಜಾತಿ. ಅದರ ಎಳೆಯ ಎಲೆ ಕಡಿಮೆ ಪ್ರಮಾಣದಲ್ಲಿ ಹಾಕಬಹುದು. ಬಾಲ್ಸಾಮಿಕ್ ವಿನೆಗರ್, ಕರಗಿದ ಚೀಸ್ ಬೇಡ. ಹಣ್ಣು ಚೆನ್ನಾಗಿದ್ದರೆ ಅವುಗಳಿಗೆ ಇಲ್ಲಿ ಕೆಲಸವಿಲ್ಲ.

ಅತಿಥಿಗಳು ಬರುವವರಿದ್ದರೆ ಟೊಮೆಟೊವನ್ನು ಅರ್ಧ ಗಂಟೆ ಮೊದಲು ಉಪ್ಪು ಹಾಕಿ ಬಸಿದಿಟ್ಟುಕೊಳ್ಳಿ. ಬ್ರೆಡ್ ಮಾತ್ರ ಅವರು ಬಂದು ಕೂತ ಮೇಲೆಯೇ ಸುಡಿ, ಜೋಡಿಸಿದ ಐದು ನಿಮಿಷದೊಳಗೆ ತಟ್ಟೆ ಅವರ ಮುಂದಿರಲಿ.