ಪೇಂಟ್ ಬಕೆಟ್ಟಿನ ಭತ್ತ, ಲಕೋಟೆಯಲ್ಲಿ ಐದು ಕಾಳು

ಅಮ್ಮ ಇದ್ದಷ್ಟು ಕಾಲ ಸೆಪ್ಟೆಂಬರ್ ಎರಡನೇ ವಾರ ನನಗೊಂದು ಲಕೋಟೆ ಬರುತ್ತಿತ್ತು. ಪತ್ರ ಇರುತ್ತಿದ್ದದ್ದು ಅಪರೂಪ. ನೋಟ್‌ಬುಕ್ಕಿನ ಹಾಳೆ ಮಡಚಿ ಅದರೊಳಗೆ ಐದು ಭತ್ತದ ಕಾಳು, ಊರಿನ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಆಶೀರ್ವದಿಸಿದ ತೆನೆಯದು. ಬೆಂಗಳೂರಿನ ರೂಮಿನಲ್ಲಿ ಉಗುರಿನಿಂದ ಅದರ ಸಿಪ್ಪೆ ಸುಲಿದು, ಹಾಲಿಗೆ ಹಾಕಿ ಕುಡಿದರೆ ನನ್ನ ನೊವೆಂ, ಅಂದರೆ ಹೊಸ ಅಕ್ಕಿ ಉಣ್ಣುವ ಶಾಸ್ತ್ರ, ಮುಗಿಯಿತು. ಆಗೆಲ್ಲ ನಾನು ಪೂಜೆಗೆ ಹೋಗುತ್ತಿದ್ದದ್ದು ಕ್ರಿಸ್ಮಸ್ಸಿಗೆ, ಬಿಟ್ಟರೆ ಯಾರದಾದರೂ ಮದುವೆಗೆ.

ಅಮ್ಮ ತೀರಿಕೊಂಡ ವರ್ಷ ಲಕೋಟೆ ಬರಲಿಲ್ಲ. ಬರುವುದಿಲ್ಲ ಎಂದು ಗೊತ್ತಿದ್ದೂ ನಾಲ್ಕು ದಿನ ಅಂಚೆ ಡಬ್ಬಿ ನೋಡಿದೆ.

ಕರಾವಳಿಯ ಕ್ಯಾಥೊಲಿಕರಿಗೆ ಸೆಪ್ಟೆಂಬರ್ 8 ಎಂದರೆ ಮೊಂತಿ ಫೆಸ್ತ್, ಕನ್ಯಾಮರಿಯಮ್ಮನ ಜನ್ಮದಿನ. ಕನ್ನಡದಲ್ಲಿ ತೆನೆ ಹಬ್ಬ. ಫರಂಗಿಪೇಟೆಯಲ್ಲಿ ನೇತ್ರಾವತಿ ದಂಡೆಯ ಮೊಂತೆ ಮರಿಯಾನೊ ಇಗರ್ಜಿಯಿಂದ ಆ ಹೆಸರು ಬಂತು, 1763ರಲ್ಲಿ ಫಾದರ್ ಜೋಕಿಮ್ ಮಿರಾಂದಾ ಅಲ್ಲಿ ಇದನ್ನು ಶುರುಮಾಡಿದರು ಎಂದು ನಮ್ಮಲ್ಲಿ ಹೇಳುತ್ತಾರೆ. ಆದರೆ ಹೊಸ ಅಕ್ಕಿ ಉಣ್ಣುವ ಪದ್ಧತಿ ಅದಕ್ಕಿಂತ ಹಳೆಯದು. ನಮ್ಮ ಅಕ್ಕಪಕ್ಕದ ತುಳುವರ ಮನೆಗಳಲ್ಲೂ ಹೊಸ ತೆನೆ ತಂದು ಕಟ್ಟುತ್ತಾರೆ, ಪುದ್ವಾರ್ ಎಂಬ ಹೊಸ ಅಕ್ಕಿಯ ಊಟ ಉಣ್ಣುತ್ತಾರೆ. ಇಗರ್ಜಿಗೆ ಬಂದರೂ ನಮ್ಮವರು ಗದ್ದೆ ಬಿಟ್ಟುಬರಲಿಲ್ಲ, ನನಗೆ ಕಾಣುವುದು ಇಷ್ಟೆ. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮರಿಯಮ್ಮನಿಗೆ ಎರಚುತ್ತಾರೆ. ಹಬ್ಬದ ದಿನ ಅವರಿಗೆ ಕಬ್ಬು, ಮನೆಮನೆಗೆ ಒಂದೊಂದು ತೆನೆ.

ಮರುವರ್ಷ ನನಗೆ ಹಟ ಬಂತು, ತೆನೆಯನ್ನು ನಾನೇ ಬೆಳೆಯುತ್ತೇನೆ ಎಂದು. ಇಪ್ಪತ್ತು ಲೀಟರಿನ ಖಾಲಿ ಪೇಂಟ್ ಬಕೆಟ್ ನಾಲ್ಕು, ಕೆಂಪು ಮಣ್ಣು, ಸಗಣಿ ಗೊಬ್ಬರ, ಅಪಾರ್ಟ್‌ಮೆಂಟಿನ ಟೆರೇಸು. ಚಿಕ್ಕಪ್ಪ ಕಳಿಸಿದ ಬೀಜ ‘ಜಯ’ ತಳಿಯದು. ಜೂನ್ ಎರಡನೇ ವಾರ, ಮಳೆ ಹಿಡಿದ ಮೇಲೆ, ಊರಲ್ಲಿ ಮಾಡುವ ಹಾಗೆಯೇ ಬಿತ್ತಿದೆ. ಸೆಪ್ಟೆಂಬರ್ 8ಕ್ಕೆ ನನ್ನಲ್ಲಿದ್ದದ್ದು ಸೊಂಟದವರೆಗಿನ ಚೆಂದದ ಹುಲ್ಲು. ‘ಜಯ’ಕ್ಕೆ ನಾಲ್ಕೂವರೆ ತಿಂಗಳು ಬೇಕು. ಲೆಕ್ಕ ಹಾಕುವ ಬುದ್ಧಿ ಬಂದದ್ದು ಹಬ್ಬದ ಹಿಂದಿನ ರಾತ್ರಿ.

ನನ್ನ ಕೃಷಿ ನೋಡಿ ನಕ್ಕವನು ನಮ್ಮ ವಾಚ್‌ಮನ್, ಒಡಿಶಾದ ಬಲಾಂಗೀರ್ ಕಡೆಯ ಹುಡುಗ. ಒಂದೊಂದು ಬಕೆಟ್ಟಿನಲ್ಲಿ ಹದಿನೈದು ಸಸಿ ತುರುಕಿದ್ದೆ. ಎರಡು ಬುಡ ಸಾಕು, ಬುಡಕ್ಕೆ ಎರಡು ಸಸಿ, ತೆಂಡೆ ಒಡೆಯಲು ಜಾಗ ಬೇಡವೇ ಅಂದ, ಹಿಂದಿ-ಕನ್ನಡ ಬೆರೆಸಿ. ಇದೆಲ್ಲ ಯಾಕೆ ಎಂದು ಕೇಳಿದ. ಹೊಸ ಅಕ್ಕಿಯ ಹಬ್ಬ ಅಂದೆ. ಅವನ ಮುಖವೇ ಬದಲಾಯಿತು. ಅವರ ಊರಲ್ಲಿ ನುಆಖಾಯಿ, ಗಣೇಶ ಚೌತಿಯ ಮಾರನೇ ದಿನ. ಹೊಸ ಅಕ್ಕಿ ಮೊದಲು ದೇವಿಗೆ, ಆಮೇಲೆ ಮನೆಯ ಹಿರಿಯರ ಕೈಯಿಂದ ಎಲ್ಲರಿಗೂ. ಮೂರು ವರ್ಷದಿಂದ ಆ ಹಬ್ಬಕ್ಕೆ ರಜೆ ಸಿಕ್ಕಿಲ್ಲ ಅಂದ.

ಮುಂದಿನ ಸಲ ‘ಜ್ಯೋತಿ’ ತರಿಸಿದೆ. ಕೆಂಪಕ್ಕಿ, ನಾಲ್ಕು ತಿಂಗಳೊಳಗೆ ಬರುತ್ತದೆ. ಮೇ ಮೂರನೇ ವಾರವೇ ಒಂದು ಟ್ರೇಯಲ್ಲಿ ಬಿತ್ತಿ, ಮೂರು ವಾರ ಆದಮೇಲೆ ಬಕೆಟ್ಟಿಗೆ ನಾಟಿ ಮಾಡಿದೆವು. ‘ಮಾಡಿದೆವು’ ಎಂದೇ ಬರೆಯಬೇಕು, ಕೆಲಸದ ಮುಕ್ಕಾಲು ಅವನದು. ಎರಡು ಇಂಚು ನೀರು ನಿಲ್ಲಿಸಿದೆವು. ಸೊಳ್ಳೆ ಆಗುತ್ತದೆ ಎಂದು ಅಸೋಸಿಯೇಷನ್ನಿನಿಂದ ತಕರಾರು ಬಂದಾಗ ಪ್ರತಿ ಬಕೆಟ್ಟಿಗೂ ಎರಡು ಗಪ್ಪಿ ಮೀನು ಬಿಟ್ಟೆ. ಆಗಸ್ಟ್ ನಡುವೆ ತೆನೆ ಹೊರಟಿತು. ಹಾಲು ತುಂಬುವ ಹೊತ್ತಿಗೆ ಹಕ್ಕಿಗಳು ಒಂದು ಬಕೆಟ್ ಪೂರ್ತಿ ಖಾಲಿ ಮಾಡಿದವು. ಉಳಿದ ಮೂರಕ್ಕೆ ಸೊಳ್ಳೆ ಪರದೆ ಹೊದಿಸಿದೆ.

ಒಂದು ಹಿಡಿ ತೆನೆಯನ್ನು ಕೆಂಪು ರಿಬ್ಬನ್ನಿನಲ್ಲಿ ಕಟ್ಟಿಕೊಂಡು ಕೊಂಕಣಿ ಪೂಜೆಗೆ ಹೋದೆ. ಅದೇ ದಿನ ಶಿವಾಜಿನಗರದ ಬೆಸಿಲಿಕಾದಲ್ಲೂ ಹಬ್ಬ, ಕಾವಿ ಉಟ್ಟ ಭಕ್ತರಿಂದ ಬಸ್ಸೆಲ್ಲ ತುಂಬಿತ್ತು. ನಿಂತುಕೊಂಡು ಒಂದು ಕೈಯಲ್ಲಿ ತೆನೆ ಎತ್ತಿ ಹಿಡಿದಿದ್ದೆ. ಪ್ರಸಂಗದಲ್ಲಿ ಪಾದ್ರಿಗಳು ಏನು ಹೇಳಿದರೋ ನೆನಪಿಲ್ಲ. ನನ್ನ ತೆನೆಯ ಮೇಲೆ ತೀರ್ಥ ಬಿದ್ದದ್ದು ನೆನಪಿದೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ‘ಅನುದಿನದ ಆಹಾರ’ ಎಂದು ಬಾಯಿಪಾಠ ಒಪ್ಪಿಸುತ್ತಿದ್ದವನಿಗೆ, ಆ ಆಹಾರಕ್ಕೆ ನೂರಾ ಹತ್ತು ದಿನ ನೀರು ಹೊತ್ತ ಮೇಲೆ, ಆ ಸಾಲಿನಲ್ಲಿ ನಾಲಿಗೆ ಸ್ವಲ್ಪ ತಡವರಿಸಿತು.

ಊಟಕ್ಕೆ ಬಾಳೆಲೆ, ಪೂರ್ತಿ ಸಸ್ಯಾಹಾರ. ಪದಾರ್ಥಗಳ ಸಂಖ್ಯೆ ಬೆಸವಾಗಿರಬೇಕು: ಮೂರು, ಐದು, ಏಳು. ಸಮಸಂಖ್ಯೆ ಬಂದರೆ ಅಮ್ಮ ಉಪ್ಪಿನಕಾಯಿಯನ್ನೂ ಲೆಕ್ಕಕ್ಕೆ ಸೇರಿಸಿ ದೇವರನ್ನು ಒಪ್ಪಿಸುತ್ತಿದ್ದಳು. ನನಗೆ ಬರುವುದು ಮೂರೇ: ಅಂಬಟೆಕಾಯಿ ಹಾಕಿದ ಕೆಸುವಿನ ದಂಟು, ಹೀರೆಕಾಯಿ, ಸೌತೆಕಾಯಿ. ಮೇಲಿನ ಮನೆಯ ಕೊಡವ ದಂಪತಿ ತಮ್ಮ ಸುಗ್ಗಿ ಹಬ್ಬ ಹುತ್ತರಿಯ ಕಥೆ ಹೇಳುತ್ತ ಬಿದಿರ ಕಣಿಲೆ ತಂದರು. ಎದುರು ಮನೆಯ ಅಜ್ಜಿ ಹಾಗಲಕಾಯಿ ಗೊಜ್ಜು ಕಳಿಸಿದರು. ಐದಾಯಿತು. ಹೆಸರುಬೇಳೆ, ಬೆಲ್ಲ, ತೆಂಗಿನ ಹಾಲಿನ ಪಾಯಸ ಲೆಕ್ಕಕ್ಕಿಲ್ಲ.

ಮೊದಲ ತುತ್ತಿಗೆ ಮುಂಚೆ ನೊವೆಂ. ಹೊಸ ಕಾಳು ಅರೆದು ತೆಂಗಿನ ಹಾಲು, ಬೆಲ್ಲದಲ್ಲಿ ಕಲಸಿ ಹಿರಿಯರು ಒಬ್ಬೊಬ್ಬರಿಗೂ ಒಂದೊಂದು ಚಮಚ ಕೊಡಬೇಕು. ಎಲ್ಲರೂ ಬರುವವರೆಗೆ ಯಾರೂ ಮುಟ್ಟುವಂತಿಲ್ಲ. ವಾಚ್‌ಮನ್ನಿಗೆ ಎರಡು ಗಂಟೆಯವರೆಗೆ ಗೇಟಿನ ಪಾಳಿ. ಏಳು ಜನ ಹಸಿದು ಕಾದೆವು. ಅವನು ಬಂದು ಕೈ ತೊಳೆದು ಕೂತ ಮೇಲೆ ಎದುರುಮನೆಯ ಅಜ್ಜಿಯ ಕೈಗೆ ಬಟ್ಟಲು ಕೊಟ್ಟೆ. ಆಕೆ ಮಾಧ್ವರು, ಇಗರ್ಜಿಯ ತೀರ್ಥ ಬಿದ್ದ ಅಕ್ಕಿ ಮುಟ್ಟುತ್ತಾರೋ ಇಲ್ಲವೋ ಎಂಬ ಅಳುಕು ನನಗಿತ್ತು. ಆಕೆ ಮೊದಲ ಚಮಚವನ್ನು ಆ ಹುಡುಗನಿಗೇ ಕೊಟ್ಟರು, ಪಾಳಿಯಿಂದ ಹಸಿದು ಬಂದಿದ್ದಾನೆ ಎಂದು. ತಾವು ಕೊನೆಗೆ ಕಾಳಿನಷ್ಟು ನಾಲಿಗೆಗೆ ಹಚ್ಚಿಕೊಂಡು ಕಣ್ಣಿಗೊತ್ತಿಕೊಂಡರು.

ಈಗ ಇದು ಆರನೇ ವರ್ಷ, ಬಕೆಟ್ ಹನ್ನೊಂದು. ಭಾನುವಾರದ ಪೂಜೆಗೆ ಹೋಗುತ್ತೇನೆ, ಹೆಚ್ಚುಕಡಿಮೆ. ಹಬ್ಬದ ಸಂಜೆ ನೋಟ್‌ಬುಕ್ಕಿನ ಹಾಳೆ ಹರಿದು ಐದೈದು ಕಾಳು ಮಡಚುತ್ತೇನೆ: ಮುಂಬೈಯ ಅಕ್ಕನಿಗೆ, ಮಗಳ ಹಾಸ್ಟೆಲ್ಲಿಗೆ, ಮೈಸೂರಿನ ಆಸ್ಪತ್ರೆಯಲ್ಲಿರುವ ಗೆಳೆಯನಿಗೆ. ವಾಚ್‌ಮನ್ ಕಳೆದ ವರ್ಷ ಕೆಲಸ ಬಿಟ್ಟು ಊರಿಗೆ ಹೋದ. ಅವನ ವಿಳಾಸಕ್ಕೂ ಒಂದು ಹಾಕಿದೆ. ವಾರ ಕಳೆದು ಫೋನ್ ಮಾಡಿದ, ಬಕೆಟ್ಟಿಗೆ ಈ ಸಲ ಎಷ್ಟು ಸಸಿ ಹಾಕಿದ್ದೀರಿ ಎಂದು ಕೇಳಲು. ಲಕೋಟೆ ಇನ್ನೂ ತಲುಪಿರಲಿಲ್ಲ.