ಸರ್ಕಾರಿ ಕಚೇರಿಗೆ ಮಳಿಗೆ ಬಾಡಿಗೆ: ತೆರಿಗೆ ಲೆಕ್ಕ

ತೀರ್ಥಹಳ್ಳಿಯ ಅಡಿಕೆ ಮಂಡಿಯವರು ಖಾಲಿ ಮಳಿಗೆಯನ್ನು ಸರ್ಕಾರಿ ಇಲಾಖೆಗೆ ತಿಂಗಳಿಗೆ 60,000 ರೂಪಾಯಿಗೆ ಕೊಟ್ಟಿದ್ದಾರೆ ಎನ್ನಿ. ವರ್ಷದ ಬಾಡಿಗೆ 7,20,000. ಮೊದಲು ಕಂದಾಯ ಕಳೆಯಿರಿ, ಅದೂ ಮಾಲೀಕರೇ ಆ ವರ್ಷದೊಳಗೆ ಕಟ್ಟಿದ್ದರೆ ಮಾತ್ರ. 20,000 ಕಟ್ಟಿದ್ದರೆ ಉಳಿಯುವುದು 7,00,000. ಅದರಲ್ಲಿ ಶೇ. 30, ಅಂದರೆ 2,10,000 ಬಿಟ್ಟು, 4,90,000ಕ್ಕೆ ಆದಾಯ ತೆರಿಗೆ.

ಎಡವುವುದು ಇಲ್ಲೇ: ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಿದ ಖರ್ಚು, ಸುಣ್ಣಬಣ್ಣ, ಸವಕಳಿ ಎಲ್ಲ ಆ ಶೇ. 30ರಲ್ಲೇ ಸೇರಿತು. ಬೇರೆ ಬಿಲ್ ತೋರಿಸಿದರೆ ನಡೆಯದು. ಕಟ್ಟಡದ ಸಾಲದ ಬಡ್ಡಿಯನ್ನು ಮಾತ್ರ ಪ್ರತ್ಯೇಕ ಕಳೆಯಬಹುದು.

ಇಲಾಖೆ ಬಾಡಿಗೆಯಲ್ಲಿ ಶೇ. 10 ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತದೆ. ಪ್ಯಾನ್ ಕೊಡದಿದ್ದರೆ ಶೇ. 20. ಪುಕ್ಕಟೆ ಕೊಟ್ಟರೋ, ಬಿಟ್ಟುಕೊಟ್ಟ ಬಾಡಿಗೆಗೆ ವಿನಾಯಿತಿ ಕೇಳುವಂತಿಲ್ಲ.