ತೆಪ್ಪದ ತಳ ಮುಟ್ಟಿ ನೋಡುತ್ತಿದ್ದ ದಿನಗಳು

ಬೆಳಗಿನ ಜಾವ ಐದೂವರೆಗೆಲ್ಲ ನಾನು ಹೊಳೆ ದಡಕ್ಕೆ ಇಳಿಯುತ್ತಿದ್ದೆ. ಮೀನು ಹಿಡಿಯುವವರು ತಮ್ಮ ತೆಪ್ಪಗಳನ್ನು ಮರಳಿನ ಮೇಲೆ ಕವುಚಿ ಹಾಕಿರುತ್ತಿದ್ದರು. ಒಂದೊಂದರ ತಳವನ್ನೂ ಅಂಗೈಯಿಂದ ಸವರಿ ನೋಡುತ್ತಿದ್ದೆ. ಇಬ್ಬನಿ ಬಿದ್ದ ತೆಪ್ಪವಾದರೆ ಮೇಲೆ ಮಾತ್ರ ತಣ್ಣಗಿರುತ್ತದೆ, ಒರೆಸಿದರೆ ಹೋಗುತ್ತದೆ. ರಾತ್ರಿ ನೀರಿಗೆ ಇಳಿದ ತೆಪ್ಪ ಹಾಗಲ್ಲ. ಅಂಚಿನ ಬಿದಿರ ಹೆಣಿಗೆಯ ಸಂದಿಯಲ್ಲಿ ನೀರು ಕೂತಿರುತ್ತದೆ. ಬೆರಳು ತೂರಿಸಿದರೆ ಹಸಿ ಮರಳು ಅಂಟಿಕೊಳ್ಳುತ್ತದೆ. ಆ ಮರಳು ಕೈಗೆ ಸಿಕ್ಕಿದರೆ, ರಾತ್ರಿ ಯಾರೋ ಹೊಳೆ ದಾಟಿದ್ದಾರೆ ಎಂದೇ ಅರ್ಥ.

ಇದನ್ನು ನನಗೆ ಯಾವ ಟ್ರೈನಿಂಗ್‌ನಲ್ಲೂ ಹೇಳಿಕೊಟ್ಟಿರಲಿಲ್ಲ. ಕಾವೇರಿ ದಡದ ಒಬ್ಬ ಮುದುಕ ಹೇಳಿಕೊಟ್ಟ. ಅವನು ಹೇಳಿಕೊಡಲು ಏಳು ತಿಂಗಳು ಬೇಕಾಯಿತು. ಆ ಏಳು ತಿಂಗಳ ಬಗ್ಗೆಯೇ ನಾನು ಇಲ್ಲಿ ಜಾಸ್ತಿ ಹೇಳಬೇಕಿದೆ.

ನಾನು ಸಶಸ್ತ್ರ ಮೀಸಲು ಪಡೆಯ ಪೇದೆ. ಕಾಡುಗಳ್ಳ ವೀರಪ್ಪನ್‌ನನ್ನು ಹಿಡಿಯುವ ವಿಶೇಷ ಕಾರ್ಯಪಡೆಗೆ, ಅಂದರೆ ಎಸ್‌ಟಿಎಫ್‌ಗೆ ಹೋದದ್ದು 1993ರಲ್ಲಿ. ಆ ವರ್ಷದ ಏಪ್ರಿಲ್ 9ರಂದು ಪಾಲಾರ್ ಹತ್ತಿರ ನೆಲಬಾಂಬ್ ಸಿಡಿದು 22 ಮಂದಿ ಸತ್ತಿದ್ದರು. ಪೊಲೀಸರು, ಅರಣ್ಯದವರು, ಜತೆಗೆ ದಾರಿ ತೋರಿಸಲು ಹೋಗಿದ್ದ ಬಾತ್ಮೀದಾರರು. ನಾನು ಹೊರಟಾಗ ನಮ್ಮವ್ವ ಮಾತಾಡಲಿಲ್ಲ. ಬುತ್ತಿ ಕಟ್ಟಿಕೊಟ್ಟು ಒಳಗೆ ಹೋದಳು.

ಆ ಜಾಗ ನೋಡದವರಿಗೆ ಸ್ವಲ್ಪ ಹೇಳಬೇಕು. ಮಲೆ ಮಹದೇಶ್ವರ ಬೆಟ್ಟದಿಂದ ಮೆಟ್ಟೂರು ಕಡೆ ಇಳಿದರೆ ಪಾಲಾರ್ ಹಳ್ಳ ಸಿಗುತ್ತದೆ. ವೆಲ್ಲೂರಿನ ದೊಡ್ಡ ಪಾಲಾರ್ ಅಲ್ಲ, ಇದು ಬೇರೆ. ಬೇಸಿಗೆಯಲ್ಲಿ ಬರೀ ಬಂಡೆ. ಅದು ಹೋಗಿ ಕಾವೇರಿಗೆ ಸೇರುತ್ತದೆ. ಕಾವೇರಿಯ ಈ ದಡ ಕರ್ನಾಟಕ, ಆ ದಡ ತಮಿಳುನಾಡು. ಮೇಲೆ ಹೊಗೇನಕಲ್, ಈಚೆಗೆ ವೀರಪ್ಪನ್ ಊರು ಗೋಪಿನಾಥಂ. ಆಗ ಕೊಳ್ಳೇಗಾಲ ತಾಲ್ಲೂಕು, ಮೈಸೂರು ಜಿಲ್ಲೆ. ಈಗ ಹನೂರು ತಾಲ್ಲೂಕು, ಚಾಮರಾಜನಗರ ಜಿಲ್ಲೆ. ಹೊಳೆ ಪಕ್ಕ ಹೊಳೆಮತ್ತಿ, ಹುಣಸೆ ಮರಗಳು. ಮೇಲೆ ಹತ್ತಿದರೆ ಕುರುಚಲು ಕಾಡು, ಬಿದಿರು ಮೆಳೆ, ಮೈ ಕೈ ಗೀರುವ ಲಾಂಟಾನ. ಹತ್ತು ಅಡಿ ಆಚೆ ಮನುಷ್ಯ ಕೂತಿದ್ದರೂ ಕಾಣುವುದಿಲ್ಲ.

ಹೊಳೆ ಅವನಿಗೆ ರಸ್ತೆಯಾಗಿತ್ತು, ನಮಗೆ ಗೋಡೆಯಾಗಿತ್ತು. ಅವನ ಗುಂಪು ರಾತ್ರಿ ಎರಡು ತೆಪ್ಪದಲ್ಲಿ ಆಚೆ ದಡ ಸೇರಿಬಿಡುತ್ತಿತ್ತು. ನಮಗೆ ಆ ದಡ ಬೇರೆ ರಾಜ್ಯ. ಕಣಿವೆಯಲ್ಲಿ ವಾಕಿಟಾಕಿ ಬರೀ ಗೊರಗೊರ ಅನ್ನುತ್ತಿತ್ತು. ಗುಡ್ಡ ಹತ್ತಿ ನಮ್ಮ ಕಂಟ್ರೋಲ್‌ಗೆ ಹೇಳಿ, ಅವರು ಮೇಲಿನವರಿಗೆ ಹೇಳಿ, ಅಲ್ಲಿಂದ ಆಚೆ ದಡದ ಕ್ಯಾಂಪಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಬೆಳಕು ಹರಿದಿರುತ್ತಿತ್ತು. ಎರಡೂ ರಾಜ್ಯದವರು ಒಟ್ಟಿಗೆ ಕೂಂಬಿಂಗ್, ಅಂದರೆ ಕಾಡು ಜಾಲಾಡುವ ಕೆಲಸ, ಮಾಡಿದ ದಿನಗಳಲ್ಲಿ ಮಾತ್ರ ಈ ತೊಂದರೆ ಕಡಿಮೆ.

ಮೊದಲ ತಿಂಗಳು ನಾವು ಮಾಡಿದ್ದು ಬರೀ ನಡೆಯುವ ಕೆಲಸ. ಹೆಗಲಿಗೆ ಎಸ್‌ಎಲ್‌ಆರ್ ಬಂದೂಕು, ಬೆನ್ನಿಗೆ ಅಕ್ಕಿ, ಕಾಲಿಗೆ ಹಂಟರ್ ಶೂ. ದಿನಕ್ಕೆ ಹದಿನೈದು ಇಪ್ಪತ್ತು ಕಿಲೋಮೀಟರ್. ನಾವು ಹೊರಡುವುದು ಕ್ಯಾಂಪ್ ಪಕ್ಕದ ಊರಿಗೆಲ್ಲ ಗೊತ್ತು. ಜೀಪು ಸ್ಟಾರ್ಟ್ ಆದ ಸದ್ದು ಗುಡ್ಡಕ್ಕೆ ಮುಟ್ಟುತ್ತಿತ್ತು. ನಾವು ತಲುಪಿದಾಗ ಒಲೆಯ ಬೂದಿ ಇನ್ನೂ ಬಿಸಿ ಇರುತ್ತಿತ್ತು, ಮನುಷ್ಯರು ಇರುತ್ತಿರಲಿಲ್ಲ. ಎಷ್ಟು ಸಲ ಹೀಗಾಯಿತೋ ಲೆಕ್ಕವಿಲ್ಲ.

ಆಗ ನನಗೆ ಅನಿಸಿದ್ದು ಇಷ್ಟೇ. ಅವನ ಕಣ್ಣು ಕಿವಿ ಎಲ್ಲ ಊರಿನಲ್ಲಿವೆ. ನಮ್ಮ ಕಣ್ಣು ಕಿವಿ ಮಾತ್ರ ನಮ್ಮ ತಲೆಯಲ್ಲೇ ಇವೆ.

ನಾನು ತಮಿಳು ಕಲಿಯಲು ಕೂತೆ. ಕ್ಯಾಂಪ್ ಹತ್ತಿರದ ಚಹಾ ಅಂಗಡಿಯೇ ನನ್ನ ಶಾಲೆ. ಡ್ಯೂಟಿ ಇಲ್ಲದಾಗ ಲುಂಗಿ ಉಟ್ಟು ಹೋಗಿ ಕೂರುತ್ತಿದ್ದೆ. ವೀರಪ್ಪನ್ ಹೆಸರು ಎತ್ತಲೇ ಇಲ್ಲ. ಮಳೆ, ರಾಗಿ, ಹಸುವಿನ ಕಾಲುಬಾಯಿ ಬೇನೆ, ಮೆಟ್ಟೂರು ಡ್ಯಾಮಿನ ನೀರು, ಇಂಥದ್ದೇ ಮಾತು. ಮೂರು ತಿಂಗಳು ಯಾರೂ ನನ್ನ ಬೆಂಚಿನಲ್ಲಿ ಕೂರಲಿಲ್ಲ. ಕೂತವರು ನನ್ನನ್ನು ಕಂಡು ಎದ್ದು ಹೋಗುತ್ತಿದ್ದರು. ಕಾರಣವೂ ಇತ್ತು. ಪೊಲೀಸರ ಜತೆ ಮಾತಾಡಿದ ಎಂದು ಗೊತ್ತಾದರೆ ಆ ಗುಂಪಿನವರು ಕೊಲ್ಲುತ್ತಿದ್ದರು. ಅವರಿಗೆ ಒಂದು ಹೊತ್ತು ಅನ್ನ ಹಾಕಿದ ಎಂದು ಗೊತ್ತಾದರೆ ನಮ್ಮವರು ಎತ್ತಿಕೊಂಡು ಹೋಗುತ್ತಿದ್ದರು. ರಾತ್ರಿ ಹನ್ನೆರಡಕ್ಕೆ ಬಂದೂಕು ಹಿಡಿದವನು ಬಾಗಿಲು ತಟ್ಟಿ ಅನ್ನ ಕೇಳಿದರೆ ಯಾರು ಇಲ್ಲ ಅಂತಾರೆ, ಹೇಳಿ?

ಆ ಜನರ ಮನಸ್ಸು ಗೆಲ್ಲಬಹುದು ಎಂದು ನಮಗಿಂತ ಮೊದಲೇ ಒಬ್ಬರು ತೋರಿಸಿದ್ದರು. ಅರಣ್ಯ ಇಲಾಖೆಯ ಡಿಸಿಎಫ್, ಅಂದರೆ ಉಪ ಅರಣ್ಯ ಸಂರಕ್ಷಣಾಧಿಕಾರಿ, ಪಿ. ಶ್ರೀನಿವಾಸ್. ಗೋಪಿನಾಥಂನಲ್ಲೇ ಇದ್ದು, ಜನರಿಗೆ ಔಷಧಿ ಕೊಡಿಸಿ, ಮಾರಿಯಮ್ಮನ ಗುಡಿ ಕಟ್ಟಿಸಿ, ಗುಂಪಿನಲ್ಲಿದ್ದ ಎಷ್ಟೋ ಹುಡುಗರನ್ನು ಶರಣಾಗಿಸಿದ್ದರು. ಶರಣಾಗುತ್ತೇನೆ ಎಂಬ ಮಾತು ನಂಬಿ ಬಂದೂಕಿಲ್ಲದೆ ಹೋದ ಅವರನ್ನು 1991ರ ನವೆಂಬರ್ 10ರಂದು ವೀರಪ್ಪನ್ ಕೊಂದ. ಸರ್ಕಾರ ಅವರಿಗೆ ಕೀರ್ತಿಚಕ್ರ ಕೊಟ್ಟಿತು. ನಾನು ಹೋದಾಗ ಅವರು ಸತ್ತು ಎರಡು ವರ್ಷವಾಗುತ್ತಾ ಬಂದಿತ್ತು. ಆದರೂ ಅವರ ಹೆಸರು ಹೇಳುವಾಗ ಹೆಂಗಸರ ದನಿ ತಗ್ಗುತ್ತಿತ್ತು. ಖಾಕಿ ಕಂಡರೆ ಬಾಗಿಲು ಹಾಕುತ್ತಿದ್ದ ಊರಿನ ಹೆಂಗಸರೇ.

ನಾಲ್ಕನೇ ತಿಂಗಳು ಒಬ್ಬ ಅಜ್ಜಿ ಮಾತಾಡಿದಳು. ಅವಳ ಹಸು ಕಲ್ಲಿನ ಸಂದಿಯಲ್ಲಿ ಕಾಲು ಮುರಿದುಕೊಂಡಿತ್ತು. ನಾನೂ ನನ್ನ ಜತೆಯವನೂ ಹಗ್ಗ ಕಟ್ಟಿ ಎತ್ತಿದೆವು. ನಾನು ರೈತನ ಮಗ, ಬಿದಿರು ಸೀಳಿ ಕಟ್ಟು ಹಾಕಿದೆ. ಅಜ್ಜಿ ಏನೂ ಹೇಳಲಿಲ್ಲ. ವಾರ ಕಳೆದ ಮೇಲೆ ಚಹಾ ಅಂಗಡಿ ಮುಂದೆ ನಿಂತು, "ತಂಬಿ, ಹಸು ಎದ್ದು ನಿಂತಿದೆ" ಎಂದಳು. ಅಂದಿನಿಂದ ನಾನು ಅವಳನ್ನು ಪಾಟಿ ಎನ್ನುತ್ತಿದ್ದೆ, ತಮಿಳಿನಲ್ಲಿ ಅಜ್ಜಿ ಅಂತ. ತೆಪ್ಪದ ಗುಟ್ಟು ಹೇಳಿದ ಮುದುಕ ಅವಳ ತಮ್ಮ.

ಒದ್ದೆ ತೆಪ್ಪ ಕಂಡ ಕೂಡಲೇ ಅದರ ಯಜಮಾನನನ್ನು ಎಳೆದು ತಂದರೆ ಕೆಲಸ ಕೆಟ್ಟಂತೆ. ನಾಳೆಯಿಂದ ಎಲ್ಲ ತೆಪ್ಪವೂ ಒಣಗಿರುತ್ತವೆ. ನಾನು ಸುಮ್ನೆ ನೋಡಿ ಬರುತ್ತಿದ್ದೆ. ಎಷ್ಟು ತೆಪ್ಪ, ಯಾವ ರಾತ್ರಿ, ಬೆಳದಿಂಗಳಿತ್ತೋ ಇಲ್ಲವೋ, ಎಲ್ಲ ತಲೆಯಲ್ಲಿ. ಕಾಗದದ ಮೇಲೆ ಹೆಸರು ಬರೆಯುತ್ತಿರಲಿಲ್ಲ. ಆಮೇಲೆ ಅಂಗಡಿ ಕಡೆ ನೋಡುತ್ತಿದ್ದೆ. ಐದು ಜನರ ಮನೆಗೆ ತಿಂಗಳಿಗೆ ಎಷ್ಟು ಅಕ್ಕಿ ಬೇಕು, ಎಷ್ಟು ಬೀಡಿ ಬೇಕು ಎಂದು ಹಳ್ಳಿಯವನಿಗೆ ಗೊತ್ತಿರುತ್ತದೆ. ರೇಡಿಯೋ ಇಲ್ಲದ ಮನೆಯವನು ಒಂದೇ ಸಲಕ್ಕೆ ಎಂಟು ಸೆಲ್ ಕೊಂಡರೆ ಅದು ಯಾರಿಗೆ? ದನದ ದೊಡ್ಡಿಗೆ ಹೋಗುವ ಹುಡುಗನ ಬುತ್ತಿ ಗಂಟು ಇದ್ದಕ್ಕಿದ್ದಂತೆ ದಪ್ಪವಾದರೆ? ತೆಪ್ಪ, ಅಂಗಡಿ, ಬುತ್ತಿ, ಈ ಮೂರೂ ಒಂದೇ ವಾರದಲ್ಲಿ ಒಂದೇ ಕಡೆ ಬೆರಳು ತೋರಿಸಿದರೆ ಆಗ ನಮ್ಮ ಇನ್‌ಸ್ಪೆಕ್ಟರ್ ಸಾಹೇಬರಿಗೆ ಹೇಳುತ್ತಿದ್ದೆ. ಅದಕ್ಕೆ ಮೊದಲು ಇಲ್ಲ.

ತಾನಾಗಿ ಬಂದು ಕೈಗೆ ಬೀಳುವ ಬಾತ್ಮಿಗೆ ನಾನು ಹೆದರುತ್ತಿದ್ದೆ. 1992ರ ಆಗಸ್ಟ್ 14ರಂದು ಮೀಣ್ಯಂ ಹತ್ತಿರ ಮೈಸೂರು ಎಸ್‌ಪಿ ಟಿ. ಹರಿಕೃಷ್ಣ, ಎಸ್‌ಐ ಶಕೀಲ್ ಅಹ್ಮದ್ ಮತ್ತು ಇನ್ನೂ ನಾಲ್ವರು ಸತ್ತದ್ದು ಸುಳ್ಳು ಬಾತ್ಮಿ ನಂಬಿ ಹೋದದ್ದಕ್ಕೆ. ಶ್ರೀನಿವಾಸ್ ಅವರಿಗೆ ಆದದ್ದೂ ಅದೇ. "ಇಂಥ ದಿನ, ಇಂಥ ಹೊತ್ತಿಗೆ, ಇಂಥ ಕಡೆ, ಸ್ವಲ್ಪ ಜನ ಬನ್ನಿ" ಎಂದು ಎಲ್ಲವನ್ನೂ ಜೋಡಿಸಿ ಹೇಳುವವನನ್ನು ನಂಬಬಾರದು. ನಿಜ ಬಾತ್ಮಿ ಯಾವಾಗಲೂ ಅರ್ಧಂಬರ್ಧ ಇರುತ್ತದೆ. ಹೇಳುವವನ ಕಣ್ಣು ನಮ್ಮ ಮೇಲೆ ಇರುವುದಿಲ್ಲ, ರಸ್ತೆ ಮೇಲೆ ಇರುತ್ತದೆ.

ಒಂದು ಸಲ ಹೀಗೇ ಜೋಡಿಸಿದ ಬಾತ್ಮಿ ಬಂತು. ಸಂಕದ ಆಚೆ ಬಂಡೆ ಹತ್ತಿರ ನಾಲ್ಕು ಜನ ಮಲಗುತ್ತಾರೆ, ಜೀಪಿನಲ್ಲಿ ಬಂದರೆ ಹತ್ತು ನಿಮಿಷ ಎಂದ ಬಾತ್ಮಿ ತಂದವನು. ಸಾಹೇಬರು ಹೊರಡಲು ಸಿದ್ಧರಾಗಿದ್ದರು. "ಸಾರ್, ಎರಡು ರಾತ್ರಿ ಟೈಮ್ ಕೊಡಿ" ಎಂದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ನಾವು ಇಬ್ಬರು ಎದುರು ಗುಡ್ಡದಲ್ಲಿ ಕೂತೆವು. ಬೀಡಿ ಇಲ್ಲ, ಒಲೆ ಇಲ್ಲ, ಹುರಿಗಡಲೆ ಬೆಲ್ಲ ಅಷ್ಟೇ. ವಾಸನೆಗೆ ಸಿಕ್ಕಿಬೀಳುತ್ತೇವೆಂದು ನಾಲ್ಕು ದಿನದಿಂದ ಸೋಪನ್ನೂ ಹಾಕಿರಲಿಲ್ಲ. ಎರಡನೇ ರಾತ್ರಿ ಕಳೆದು ಬೆಳಕು ಬಂದಾಗ, ಬಂಡೆ ಹತ್ತಿರ ಯಾರೂ ಮಲಗಿದ ಗುರುತು ಇರಲಿಲ್ಲ. ಆದರೆ ರಸ್ತೆ ಏರಿನಲ್ಲಿ, ಜೀಪು ನಿಧಾನವಾಗಲೇಬೇಕಾದ ತಿರುವಿನ ಮೇಲೆ, ಲಾಂಟಾನ ಮುರಿದು ಐದಾರು ಜನ ಕೂರುವಷ್ಟು ಜಾಗ ಮಾಡಿದ್ದರು. ಮುರಿದ ಕಡ್ಡಿಯ ತುದಿ ಇನ್ನೂ ಹಸಿರಾಗಿತ್ತು. ನಾವು ಇಬ್ಬರೂ ಅಲ್ಲಿ ಮಾತಾಡದೆ ಸ್ವಲ್ಪ ಹೊತ್ತು ಕೂತೆವು. ನನಗೆ ಕಾಲು ನಡುಗುತ್ತಿತ್ತು.

ಹೀಗೆ ಕೂತು ಕಾದು ಆದ ಕೆಲಸ ಪತ್ರಿಕೆಯಲ್ಲಿ ಬರಲಿಲ್ಲ. ಅದರಿಂದ ಗುಂಪಿಗೆ ಹೋಗುತ್ತಿದ್ದ ಅಕ್ಕಿ ನಿಂತಿತು, ಮದ್ದು ಗುಂಡು ತರುತ್ತಿದ್ದ ಇಬ್ಬರು ಸಿಕ್ಕರು, ಒಬ್ಬ ಹುಡುಗ ಅವ್ವನ ಜತೆ ಬಂದು ಶರಣಾದ. ನನ್ನ ಪಾಲಿನದು ಅಷ್ಟೇ. ಬೇರೆ ಕಡೆಗಳಲ್ಲೂ ಬಂಧನ, ಶರಣಾಗತಿ, ಗುಂಡಿನ ಚಕಮಕಿ ಆಗಿ ದೊಡ್ಡ ಗುಂಪು ಕರಗಿ ಬೆರಳೆಣಿಕೆಗೆ ಬಂತು.

ಇನ್ನೊಂದನ್ನೂ ಹೇಳಲೇಬೇಕು. ಹೇಳದಿದ್ದರೆ ಇದು ಅರ್ಧ ಕತೆ.

ಪಾಟಿಗೆ ಒಬ್ಬ ಮೊಮ್ಮಗ. ದೊಡ್ಡಿಯಲ್ಲಿ ದನ ಕಾಯುತ್ತಿದ್ದ. ಹತ್ತೊಂಬತ್ತು ವರ್ಷ. ನಾನು ರಜೆಗೆ ಊರಿಗೆ ಹೋದಾಗ ಬೇರೊಂದು ತಂಡ ಬಂದು ಅವನನ್ನು ಕರೆದುಕೊಂಡು ಹೋಗಿತ್ತು. ಹನ್ನೊಂದು ದಿನ ಇಟ್ಟುಕೊಂಡರು. ಅವನಿಗೆ ಗೊತ್ತಿದ್ದದ್ದನ್ನೆಲ್ಲ ಅವನ ಅಜ್ಜಿ ಮೊದಲೇ ನನಗೆ ಹೇಳಿದ್ದಳು. ಹೊಡೆದು ತಿಳಿದುಕೊಳ್ಳುವಂಥದ್ದು ಅವನಲ್ಲಿ ಏನೂ ಇರಲಿಲ್ಲ. ವಾಪಸ್ ಬಂದಾಗ ಎಡಗಾಲು ನೆಲಕ್ಕೆ ಊರಲು ಆಗುತ್ತಿರಲಿಲ್ಲ. ನಾನು ಹೋಗಿ ಬಾಗಿಲಲ್ಲಿ ನಿಂತೆ. ಪಾಟಿ ಒಳಗಿನಿಂದ ಒಂದು ಚೊಂಬು ನೀರು ತಂದು ಜಗುಲಿ ಮೇಲೆ ಇಟ್ಟು, ಏನೂ ಮಾತಾಡದೆ ಬಾಗಿಲು ಹಾಕಿಕೊಂಡಳು. ಬಂದವನಿಗೆ ನೀರು ಕೊಡದೆ ಕಳಿಸುವವಳಲ್ಲ ಅವಳು. ಆ ನೀರು ನನಗೆ ಗಂಟಲಲ್ಲಿ ಇಳಿಯಲಿಲ್ಲ.

ಆ ಊರಿನಿಂದ ಆಮೇಲೆ ಒಂದು ಮಾತೂ ಬರಲಿಲ್ಲ. ಏಳು ತಿಂಗಳು ಕಟ್ಟಿದ್ದು ಹನ್ನೊಂದು ದಿನದಲ್ಲಿ ಹೋಯಿತು. ತೆಪ್ಪಗಳು ಎಲ್ಲ ಒಣಗಿದ್ದವು. ರಾತ್ರಿ ಹೊಳೆ ದಾಟಿ ಬಂದ ಮೇಲೆ ಅವನ್ನು ಬಂಡೆಯ ಮೇಲೆ ಒಯ್ದು ಒಣಗಿಸುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಹೊಡೆತದಿಂದ ಬಾಯಿ ಬಿಡಿಸಬಹುದು ಎನ್ನುವವರು ಈಗಲೂ ಇದ್ದಾರೆ. ನಾನು ಆ ದಡದಲ್ಲಿ ಇದ್ದವನು. ಬಾಯಿ ಬಿಡುತ್ತದೆ, ಆದರೆ ಹೊಡೆತ ನಿಲ್ಲಲು ಏನು ಬೇಕೋ ಅದನ್ನು ಹೇಳುತ್ತದೆ. ಆ ಸುಳ್ಳಿನ ಬೆನ್ನು ಹತ್ತಿ ಇನ್ನೊಂದು ಮನೆಗೆ ಹೋಗುತ್ತಾರೆ.

ಎರಡೂ ರಾಜ್ಯದ ಕಾರ್ಯಪಡೆಗಳ ಮೇಲೆ ಬಂದ ಇಂಥ ದೂರುಗಳನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ್ದ ನ್ಯಾಯಮೂರ್ತಿ ಸದಾಶಿವ ಸಮಿತಿ ವಿಚಾರಿಸಿತು. 2007ರಲ್ಲಿ 89 ಮಂದಿಗೆ ಒಟ್ಟು 2.8 ಕೋಟಿ ರೂಪಾಯಿ ಮಧ್ಯಂತರ ಪರಿಹಾರಕ್ಕೆ ಆಯೋಗ ಶಿಫಾರಸು ಮಾಡಿತು. ಸಮಿತಿ ಹೇಳಿಕೆ ಪಡೆಯುತ್ತಿದ್ದಾಗ ನಾನು ಬೇರೆ ಜಿಲ್ಲೆಯಲ್ಲಿದ್ದೆ. ಪಾಟಿಯ ಮೊಮ್ಮಗನಿಗೆ ಒಂದು ಪತ್ರ ಬರೆದು, ಹೋಗಿ ಹೇಳಪ್ಪ, ಬೇಕಾದರೆ ನಾನೂ ಬಂದು ಹೇಳುತ್ತೇನೆ ಎನ್ನಬಹುದಿತ್ತು. ಬರೆಯಲಿಲ್ಲ. ನೌಕರಿಯ ಭಯ. ಅವನು ಹೋಗಲೂ ಇಲ್ಲ.

2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿ ಹತ್ತಿರ ವೀರಪ್ಪನ್ ಸತ್ತ. ಕೆ. ವಿಜಯಕುಮಾರ್ ನೇತೃತ್ವದ ತಮಿಳುನಾಡು ಕಾರ್ಯಪಡೆ ಮಾಡಿದ ಕೆಲಸ. ಕಣ್ಣಿನ ಚಿಕಿತ್ಸೆಗೆ ಕಾಡಿನಿಂದ ಹೊರಗೆ ಬರುವ ಹಾಗೆ ಮಾಡಿ, ಆಂಬುಲೆನ್ಸ್‌ಗೆ ಹತ್ತಿಸಿ ಕರೆತಂದಿದ್ದರು. ಗಾಡಿ ಓಡಿಸಿದವನೇ ಪೊಲೀಸ್. ಜತೆಯಲ್ಲಿ ಉಳಿದಿದ್ದವರು ಮೂರೇ ಜನ. ಅಷ್ಟು ವರ್ಷ ಕಾಡು ಜಾಲಾಡಿ ಆಗದ್ದು ಅವನ ಹತ್ತಿರಕ್ಕೆ ನುಸುಳಿ ನಂಬಿಕೆ ಗಳಿಸಿದವರಿಂದ ಆಯಿತು. ಮರುದಿನ ಟಿವಿ ಮುಂದೆ ನನ್ನ ಜತೆಯವರು ಕುಣಿದರು. ನನಗೂ ಸಮಾಧಾನವಾಯಿತು, ಸುಳ್ಳು ಹೇಳುವುದಿಲ್ಲ. 1992ರ ಮೇನಲ್ಲಿ ರಾಮಾಪುರ ಠಾಣೆಗೆ ನುಗ್ಗಿ ಐವರನ್ನು ಕೊಂದಿದ್ದ. ಅವರ ಮನೆಯವರು ಹನ್ನೆರಡು ವರ್ಷ ಕಾದಿದ್ದರು.

ರಿಟೈರ್ ಆದ ಮೇಲೆ ಬೆಟ್ಟಕ್ಕೆ ಹೋದಾಗ ಮಾದಪ್ಪನ ದರ್ಶನ ಮುಗಿಸಿ ಕೆಳಗೆ ಇಳಿದೆ. ಗೋಪಿನಾಥಂನಲ್ಲಿ ಈಗ ಪ್ರವಾಸಿಗರ ಕ್ಯಾಂಪ್ ಇದೆ. ಪಾಟಿ ತೀರಿಕೊಂಡಿದ್ದಳು. ಮೊಮ್ಮಗ ಹೊಳೆ ದಡದಲ್ಲಿ ಬಲೆ ಬಿಡಿಸುತ್ತಾ ಕೂತಿದ್ದ. ತಲೆ ನರೆತಿದೆ. ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತು ಹಿಡಿಯಿತು. "ಅಣ್ಣಾ, ನೀವು ಹಸುವಿಗೆ ಕಟ್ಟು ಹಾಕಿದವರಲ್ವಾ?" ಎಂದ. ಹೌದು ಎಂದೆ. ಅವತ್ತಿನ ಹನ್ನೊಂದು ದಿನದ ಬಗ್ಗೆ ನಾನೇ ಮಾತು ತೆಗೆದೆ. ಪತ್ರ ಬರೆಯದೆ ಹೋದದ್ದನ್ನೂ ಹೇಳಿದೆ. ಅವನು ಬಲೆಯ ಗಂಟು ಬಿಡಿಸುತ್ತಲೇ ಇದ್ದ. ಆಮೇಲೆ ಎದ್ದು, ಎಡಗಾಲು ಎಳೆಯುತ್ತಾ ತೆಪ್ಪದ ಹತ್ತಿರ ಹೋದ. "ಒಂದು ಕಡೆ ಹಿಡೀರಿ, ಒಬ್ಬನಿಗೆ ಆಗಲ್ಲ" ಎಂದ. ಇಬ್ಬರೂ ಹಿಡಿದು ನೀರಿಗೆ ಬಿಟ್ಟೆವು.